ಫೈಟರ್ ಮೀನು ಕಾಯಿಲೆ ಬಂದು ಸತ್ತಿತು, ಜೊತೆಗಿದ್ದ ಬಸವನಹುಳುವನ್ನು ದೊಡ್ಡ ಟ್ಯಾಂಕ್‌ಗೆ ಬಿಡಬಹುದಾ?

ಮೈಸೂರು_ಗಾಜು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ.

ರೂಮಿನಲ್ಲಿರುವ 20 ಲೀಟರ್ ಟ್ಯಾಂಕ್‌ನಲ್ಲಿ ಒಂದು ಫೈಟರ್, ಒಂದು ಹಳದಿ ಮಿಸ್ಟರಿ ಸ್ನೇಲ್ (ಬಸವನಹುಳು) ಇದ್ದವು. ಫೈಟರ್ ನಿನ್ನೆ ರಾತ್ರಿ ಸತ್ತಿತು. ಮೊದಲು ರೆಕ್ಕೆ ಮೇಲೆ ಉಪ್ಪಿನ ಹರಳಿನಷ್ಟು ಚಿಕ್ಕ ಬಿಳಿ ಚುಕ್ಕೆ ಕಾಣಿಸಿದವು. ಆಮೇಲೆ ಬಾಯಿಯ ಸುತ್ತ ಬೂದು ಬಣ್ಣದ ಪೊರೆ ಬಂತು, ತಿನ್ನುವುದನ್ನು ಬಿಟ್ಟಿತು. ಬಸವನಹುಳು ಮಾತ್ರ ಚೆನ್ನಾಗಿದೆ, ಗಾಜಿನ ಮೇಲೆ ಓಡಾಡಿಕೊಂಡಿದೆ.

ಹಾಲ್‌ನಲ್ಲಿ ಮೂರಡಿ ಟ್ಯಾಂಕ್ ಇದೆ. ಗಪ್ಪಿ, ನಿಯಾನ್ ಟೆಟ್ರಾ, ಕೋರಿ ಮೀನುಗಳೆಲ್ಲಾ ಆರಾಮಾಗಿವೆ. ಹುಳುವನ್ನು ಅಲ್ಲಿಗೆ ಬಿಡೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಫೈಟರ್ ಕಾಯಿಲೆ ಹುಳುವಿಗೂ ಅಂಟಿರುತ್ತದಾ? ತೊಳೆದು ಬಿಟ್ಟರೆ ಸಾಕಾ?

ಹುಬ್ಳಿ_ಗಪ್ಪಿ
ಏನೂ ಆಗಲ್ಲ, ಆರಾಮಾಗಿ ಬಿಡ್ರಿ. ಮೀನಿನ ರೋಗ ಮೀನಿಗೆ ಮಾತ್ರ. ಸ್ನೇಲ್‌ಗೆ ವೈಟ್ ಸ್ಪಾಟ್ (ಬಿಳಿ ಚುಕ್ಕೆ ರೋಗ) ಬಂದಿದ್ದು ಯಾರಾದರೂ ನೋಡಿದ್ದಾರಾ?

ಸ್ಪಾಂಜ್_ಫಿಲ್ಟರ್
ಅಣ್ಣ, ಅರ್ಧ ಮಾತು ಸರಿ. ಬಸವನಹುಳುವಿಗೆ ವೈಟ್ ಸ್ಪಾಟ್ ಬರುವುದಿಲ್ಲ. ಆದರೆ ಅದು ಹೊತ್ತುಕೊಂಡು ಹೋಗಬಲ್ಲದು.

ಈ ರೋಗ ತರುವ ಪರಜೀವಿ ಮೀನಿನ ಚರ್ಮದೊಳಗೆ ಕೂತು ಬೆಳೆಯುತ್ತದೆ. ಬೆಳೆದ ಮೇಲೆ ಕಳಚಿ ಕೆಳಗೆ ಬೀಳುತ್ತದೆ. ಕಲ್ಲು, ಗಿಡ, ಗಾಜು, ಸಿಕ್ಕಿದ್ದಕ್ಕೆ ಅಂಟಿಕೊಂಡು ಸುತ್ತ ಗಟ್ಟಿ ಕವಚ ಮಾಡಿಕೊಳ್ಳುತ್ತದೆ. ಬಸವನಹುಳುವಿನ ಚಿಪ್ಪೂ ಅದಕ್ಕೆ ಒಂದು ಕಲ್ಲೇ. ಆ ಕವಚದೊಳಗೆ ಒಂದು ಜೀವ ನೂರಾರು ಮರಿಗಳಾಗಿ ಒಡೆಯುತ್ತದೆ. ಮರಿಗಳು ಹೊರಬಂದು ಮೀನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ.

ಹಾಗಾಗಿ ಇವತ್ತೇ ಬಿಟ್ಟರೆ ನಿಯಾನ್‌ಗಳಿಗೆ ಕಾಯಿಲೆ ತಲುಪಿಸಿದ ಹಾಗೆ. ಮೀನಿಲ್ಲದ ಜಾಗದಲ್ಲಿ ಸ್ವಲ್ಪ ಕಾಲ ಇಟ್ಟು ಆಮೇಲೆ ಬಿಟ್ಟರೆ ತೊಂದರೆ ಇಲ್ಲ.

ಹುಬ್ಳಿ_ಗಪ್ಪಿ
ನಾನು ಎಷ್ಟೋ ಸಲ ಹಾಗೇ ಬಿಟ್ಟೀನಿ. ಒಂದು ಮೀನಿಗೂ ಏನೂ ಆಗಿಲ್ಲ.

ಸ್ಪಾಂಜ್_ಫಿಲ್ಟರ್
ಪ್ರತಿ ಚಿಪ್ಪಿನ ಮೇಲೂ ಇರುತ್ತದೆ ಅಂತ ನಾನು ಹೇಳಲಿಲ್ಲ. ಇದ್ದರೆ ಬರಿಗಣ್ಣಿಗೆ ಕಾಣುವುದಿಲ್ಲ. ನೀವು ಬಿಟ್ಟ ಟ್ಯಾಂಕ್‌ನ ಮೀನುಗಳು ಗಟ್ಟಿಯಾಗಿದ್ದವು ಅಂತ ಕಾಣುತ್ತದೆ. ಇವರ ಟ್ಯಾಂಕ್‌ನಲ್ಲಿ ನಿಯಾನ್ ಮತ್ತು ಕೋರಿ ಇವೆ. ಕೋರಿಗೆ ಚುಕ್ಕೆ ಬಂದರೆ ಔಷಧಿ ಹಾಕುವುದೂ ಕಷ್ಟ, ಅವುಗಳಿಗೆ ಉಪ್ಪೂ ಔಷಧಿಯೂ ಜಾಸ್ತಿ ತಡೆಯುವುದಿಲ್ಲ. ಸುಮ್ನೆ ಯಾಕೆ ಆ ಅಪಾಯ?

ನೀಲಿ_ಬಕೆಟ್
76 ದಿನ ಕಾಯಬೇಕು ಅಂತ ಓದಿದ್ದೇನೆ. ಅದಕ್ಕಿಂತ ಕಡಿಮೆ ಆದರೆ ಪರಜೀವಿ ಉಳಿದುಕೊಳ್ಳುತ್ತದಂತೆ.

ಸ್ಪಾಂಜ್_ಫಿಲ್ಟರ್
ಅದು ಸಮುದ್ರದ ನೀರಿನ ಟ್ಯಾಂಕ್‌ನ ಲೆಕ್ಕ. ಅಲ್ಲಿ ಬರುವ ಬಿಳಿ ಚುಕ್ಕೆ ಬೇರೆ ಜೀವಿ, ಕ್ರಿಪ್ಟೋಕ್ಯಾರಿಯಾನ್. ಅದರ ಕವಚ ವಾರಗಟ್ಟಲೆ ಒಡೆಯದೆ ಕೂರಬಲ್ಲದು. ಸಿಹಿನೀರಿನದು ಇಕ್ತಿಯೋಫ್ತಿರಿಯಸ್. 25 ಡಿಗ್ರಿ ಆಸುಪಾಸಿನಲ್ಲಿ ಅದರ ಒಂದು ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. ಎರಡು ವಾರ ಮೀನಿಲ್ಲದೆ ಇಟ್ಟರೆ ಸಾಕು. ಚಳಿಗಾಲದಲ್ಲಿ ಹೀಟರ್ ಇಲ್ಲದೆ ನೀರು 20ರ ಹತ್ತಿರ ಇಳಿದರೆ ಎಲ್ಲಾ ನಿಧಾನವಾಗುತ್ತದೆ. ಆಗ ಒಂದು ತಿಂಗಳು ಇಡಿ.

ಲ್ಯಾಬ್_ಕೋಟು
ಎಲ್ಲರೂ ಚುಕ್ಕೆ ಹಿಡಿದುಕೊಂಡೇ ಮಾತಾಡುತ್ತಿದ್ದೀರಿ. ಬಾಯಿಯ ಸುತ್ತ ಬೂದು ಪೊರೆ ಅಂತ ಬರೆದಿದ್ದಾರಲ್ಲ, ಅದು ನನಗೆ ಮುಖ್ಯ ಅನಿಸುತ್ತದೆ. ಚುಕ್ಕೆಯಿಂದ ಚರ್ಮ ಗಾಯವಾದ ಮೀನಿಗೆ ಕಾಲಮ್ನಾರಿಸ್ ಹತ್ತುವುದು ಸಾಮಾನ್ಯ. ಅದು ಪರಜೀವಿ ಅಲ್ಲ, ಬ್ಯಾಕ್ಟೀರಿಯಾ. ಫಂಗಸ್ ಅಂತ ತಿಳಿದು ತಪ್ಪು ಔಷಧಿ ಹಾಕುವವರೇ ಹೆಚ್ಚು. ಬಾಯಿ, ಬೆನ್ನು, ಕಿವಿರು, ಇಲ್ಲಿ ಮೊದಲು ಕಾಣುತ್ತದೆ. ಮೀನು ಒಂದೆರಡು ದಿನದಲ್ಲೇ ಹೋಗಬಹುದು.

ಇದು ಯಾಕೆ ಮುಖ್ಯ ಅಂದರೆ, ವೈಟ್ ಸ್ಪಾಟ್‌ಗೆ ನೀರು ಬಿಸಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಕಾಲಮ್ನಾರಿಸ್‌ಗೆ ಬಿಸಿ ನೀರು ಅಂದರೆ ಇನ್ನೂ ಅನುಕೂಲ. ಇನ್ನೊಂದು ವಿಷಯ, ವೈಟ್ ಸ್ಪಾಟ್ ಮರಿಗಳ ಹಾಗೆ ಈ ಬ್ಯಾಕ್ಟೀರಿಯಾ ಮೀನು ಸಿಗದೆ ಎರಡು ದಿನದಲ್ಲಿ ಸಾಯುವುದಿಲ್ಲ. ಗಲೀಜು ಇರುವ ಗಡಸು ನೀರಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಹಾಗಾಗಿ ದಿನ ಎಣಿಸಿಕೊಂಡು ಕೂತರೆ ಸಾಲದು. ನೀರು ಬದಲಾಯಿಸುತ್ತಾ, ಹಿಕ್ಕೆ ತೆಗೆಯುತ್ತಾ ಇರಬೇಕು.

ಒಂದು ಪ್ರಶ್ನೆ. ಫೈಟರ್ ತಿಂಗಳುಗಟ್ಟಲೆ ಸೊರಗುತ್ತಾ ಬಂದಿತ್ತಾ? ಬೆನ್ನು ಬಾಗಿತ್ತಾ? ಮೈಮೇಲೆ ಒಣಗದ ಹುಣ್ಣು ಇತ್ತಾ?

ಮೈಸೂರು_ಗಾಜು
ಇಲ್ಲ ಸರ್. ಹೋದ ವಾರದವರೆಗೂ ಚುರುಕಾಗಿತ್ತು. ಬೆನ್ನು ನೆಟ್ಟಗಿತ್ತು, ಹುಣ್ಣೂ ಇರಲಿಲ್ಲ.

ಲ್ಯಾಬ್_ಕೋಟು
ಒಳ್ಳೆಯದು. ಹಾಗಿದ್ದಿದ್ದರೆ ಮೀನಿನ ಟಿಬಿ ಬಗ್ಗೆ ಯೋಚಿಸಬೇಕಿತ್ತು. ಆಗ ಹುಳುವನ್ನು ಬೇರೆ ಮೀನಿನ ಜೊತೆ ಎಂದೂ ಬಿಡಬೇಡಿ ಅಂತಲೇ ಹೇಳುತ್ತಿದ್ದೆ. ಅದನ್ನು ತರುವ ಬ್ಯಾಕ್ಟೀರಿಯಾ ಮೈಕೋಬ್ಯಾಕ್ಟೀರಿಯಂ ಮರೈನಮ್ ಮನುಷ್ಯರ ಕೈಗಾಯದೊಳಗೂ ಸೇರುತ್ತದೆ. ಗಂಟು ಗಂಟಾಗಿ ಏಳುತ್ತದೆ, ತಿಂಗಳುಗಟ್ಟಲೆ ಮಾತ್ರೆ ತಿನ್ನಬೇಕಾಗುತ್ತದೆ. ಅದಕ್ಕೆ ಬ್ಲೀಚಿಂಗ್ ಪೌಡರ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಾಜಿಗೆ 70% ಆಲ್ಕೋಹಾಲ್ ಒರೆಸುತ್ತಾರೆ, ಸ್ಪಾಂಜು ಮರದ ತುಂಡು ಬಿಸಾಡುತ್ತಾರೆ. ನಿಮ್ಮದು ಹಾಗೆ ಕಾಣುತ್ತಿಲ್ಲ. ಆದರೂ ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿ.

ಕಲ್ಲುನೀರು_ಕೋಲಾರ
ನನಗೆ ಅರ್ಥ ಆಗದಿರುವುದು ಒಂದೇ. ಹುಳುವನ್ನು ಸಾಗಿಸಲೇಬೇಕು ಅಂತ ಯಾರು ಹೇಳಿದರು? ಫೈಟರ್ ಹೋಯಿತು. ಈಗ ಆ ಸಣ್ಣ ಟ್ಯಾಂಕ್‌ನಲ್ಲಿ ಮೀನೇ ಇಲ್ಲ. ಅಂದರೆ ಅದೇ ಕ್ವಾರಂಟೈನ್ ಅಲ್ವಾ? ಫಿಲ್ಟರ್ ಓಡುತ್ತಿದೆ, ನೀರು ಹುಳುವಿಗೆ ಒಗ್ಗಿದೆ. ಅಲ್ಲೇ ಬಿಡಿ. ಎರಡು ಮೂರು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ತಳ ಸಕ್ಷನ್ ಮಾಡಿ. ಒಂದು ತಿಂಗಳಾದ ಮೇಲೆ ಹಾಲ್‌ಗೆ ಕಳಿಸಿ. ಹುಳು ಸಾಯುವುದು ಕಾಯಿಲೆಯಿಂದ ಅಲ್ಲ, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹಾಕುವುದರಿಂದ.

ಸ್ಪಾಂಜ್_ಫಿಲ್ಟರ್
ನೂರಕ್ಕೆ ನೂರು ಒಪ್ಪಿದೆ. ಇದನ್ನೇ ಮೊದಲು ಹೇಳಬೇಕಿತ್ತು.

ಹುಬ್ಳಿ_ಗಪ್ಪಿ
ಇದು ಸರಿ ಅನಿಸ್ತದ. ಖರ್ಚೂ ಇಲ್ಲ.

ಮೈಸೂರು_ಗಾಜು
ಅಲ್ಲೇ ಬಿಡುತ್ತಿದ್ದೆ. ಆದರೆ ಇನ್ನೊಂದು ವಿಷಯ ಇದೆ. ನಾನು ಆಫೀಸಿನಲ್ಲಿದ್ದಾಗ, ಅಂಗಡಿಯವರು ಕೊಟ್ಟರು ಅಂತ ಅಪ್ಪ ಮೊನ್ನೆ ಆ ಟ್ಯಾಂಕ್‌ಗೆ ಔಷಧಿ ಹಾಕಿದ್ದಾರೆ. ನೀರು ತೆಳು ನೀಲಿ ಹಸಿರಾಗಿದೆ. ಬಾಟಲಿ ಮೇಲೆ ಬಿಳಿ ಚುಕ್ಕೆ ರೋಗಕ್ಕೆ ಅಂತ ಇದೆ ಅಷ್ಟೇ, ಒಳಗೆ ಏನಿದೆ ಅಂತ ಬರೆದಿಲ್ಲ. ಇವತ್ತು ಬೆಳಗ್ಗೆಯಿಂದ ಹುಳು ಮೇಲಕ್ಕೆ ಹತ್ತಿ ನೀರಿನ ಹೊರಗೆ ಕೂತಿದೆ.

ಕಲ್ಲುನೀರು_ಕೋಲಾರ
ಹಾಗಾದರೆ ನನ್ನ ಮಾತು ಬಿಡಿ. ಈಗಲೇ ತೆಗೆಯಿರಿ. ನೀರಿನಿಂದ ಹೊರಗೆ ಬಂದು ಕೂತಿದೆ ಅಂದರೆ ಅದಕ್ಕೆ ಆ ನೀರು ಬೇಡವಾಗಿದೆ.

ನೀಲಿ_ಬಕೆಟ್
ಹಸಿರು ಬಣ್ಣ ಅಂದರೆ ಮ್ಯಾಲಕೈಟ್ ಗ್ರೀನ್ ಇರಬೇಕು. ಅದು ತಾಮ್ರ, ಬಸವನಹುಳುವಿಗೆ ವಿಷ.

ಲ್ಯಾಬ್_ಕೋಟು
ಮ್ಯಾಲಕೈಟ್ ಗ್ರೀನ್‌ನಲ್ಲಿ ತಾಮ್ರ ಇಲ್ಲ. ಅದೊಂದು ಬಣ್ಣದ ರಾಸಾಯನಿಕ. ಆದರೆ ಬಸವನಹುಳುವಿಗೆ ಅದೂ ಒಳ್ಳೆಯದಲ್ಲ. ಮೀನಿನ ಔಷಧಿಗಳಲ್ಲಿ ಕಾಪರ್ ಸಲ್ಫೇಟ್ ಇರುವ ಬಾಟಲಿಗಳು ಬೇರೆಯೇ ಇವೆ, ಅವೂ ನೀಲಿ. ಬಣ್ಣ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಒಳಗೆ ಏನಿದೆ ಅಂತ ಬರೆಯದ ಬಾಟಲಿಯಲ್ಲಿ ತಾಮ್ರ ಇದೆ ಅಂತಲೇ ಹಿಡಿದು ನಡೆಯಿರಿ.

ತೋಟದಂಚು_ಸುಳ್ಯ
ತಾಮ್ರದ ವಿಷಯ ಅಡಿಕೆ ತೋಟದವರಿಗೆ ಬೇರೆ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ. ಇದೇ ಮೈಲುತುತ್ತವನ್ನು ಬಸವನಹುಳು ಕೊಲ್ಲುವುದಕ್ಕೂ ಬಳಸುತ್ತಾರೆ.

ನಮ್ಮ ಕಡೆಯವರಿಗೆ ಒಂದು ಮಾತು. ಮದ್ದು ಹೊಡೆಯುವ ದಿನಗಳಲ್ಲಿ ತೋಟದ ಕೆರೆಯ ನೀರನ್ನು, ಮಾಡಿನಿಂದ ಇಳಿದ ಮಳೆನೀರನ್ನು ಟ್ಯಾಂಕ್‌ಗೆ ಹಾಕಬೇಡಿ. ಮೀನು ತಡೆದುಕೊಂಡೀತು. ಸ್ನೇಲ್, ಸಿಗಡಿ ತಡೆಯುವುದಿಲ್ಲ. ಬೋರ್ಡೋ ಕಲಸಿದ ಬಕೆಟನ್ನು ಎಷ್ಟು ತೊಳೆದರೂ ಟ್ಯಾಂಕ್ ಕೆಲಸಕ್ಕೆ ತರಬೇಡಿ. ಪ್ಲಾಸ್ಟಿಕ್‌ನ ಗೀರುಗಳಲ್ಲಿ ಉಳಿದಿರುತ್ತದೆ.

ಸ್ಪಾಂಜ್_ಫಿಲ್ಟರ್
@ಮೈಸೂರು_ಗಾಜು ಈಗ ಮಾಡಬೇಕಾದ್ದು ಹೇಳುತ್ತೇನೆ.

ಹುಳುವನ್ನು ಗಾಜಿನಿಂದ ಎಳೆದು ಕೀಳಬೇಡಿ. ಚಿಪ್ಪು ಹಿಡಿದು ಜಗ್ಗಿದರೆ ಒಳಗಿನ ಮಾಂಸ ಚಿಪ್ಪಿನಿಂದ ಬಿಡುತ್ತದೆ, ಅದು ವಾಸಿಯಾಗುವುದು ಕಷ್ಟ. ಪಾದದ ಅಂಚಿನಲ್ಲಿ ಬೆರಳು ತೂರಿಸಿ ನಿಧಾನವಾಗಿ ಪಕ್ಕಕ್ಕೆ ಜಾರಿಸಿ. ತಾನೇ ಬಿಡುತ್ತದೆ.

ಸೋಪು ಮುಟ್ಟದ ಒಂದು ಡಬ್ಬಿ ತಗೊಳ್ಳಿ. ಕ್ಲೋರಿನ್ ತೆಗೆದ, ಟ್ಯಾಂಕ್‌ನಷ್ಟೇ ಬೆಚ್ಚಗಿರುವ ನೀರು ಹಾಕಿ. ಹುಳುವನ್ನು ಅದರಲ್ಲಿ ಆಡಿಸಿ, ನೀರು ಚೆಲ್ಲಿ, ಮತ್ತೆ ಹೊಸ ನೀರು. ಮೂರು ನಾಲ್ಕು ಸಲ. ಚಿಪ್ಪಿನ ಮೇಲೆ ಪಾಚಿ ಇದ್ದರೆ ಹೊಸ ಮೆತ್ತನೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ಚಿಪ್ಪಿನ ಬಾಯಿಗಿರುವ ಮುಚ್ಚಳದ ಹತ್ತಿರ ಬೇಡ. ಹುಳುವನ್ನು ಉಪ್ಪುನೀರಿನಲ್ಲಿ ಅದ್ದಬೇಡಿ, ಪೊಟ್ಯಾಸಿಯಂ ಪರ್ಮಾಂಗನೇಟ್ ಬೇಡ, ಅರಿಶಿನವೂ ಬೇಡ. ತೊಳೆಯುವುದರಿಂದ ಔಷಧಿ ಹೋಗುತ್ತದೆ, ಅಷ್ಟೇ. ಕಾಯಿಲೆ ಹೋಗುವುದು ಕಾಯುವುದರಿಂದ.

ಆಮೇಲೆ ಮುಚ್ಚಳ ಇರುವ ಹತ್ತು ಲೀಟರ್ ಡಬ್ಬಿ, ಒಂದು ಏರ್ ಪಂಪ್, ಒಂದು ಸ್ಪಾಂಜು ಫಿಲ್ಟರ್. ಸ್ಪಾಂಜು ಹಾಲ್‌ನ ಟ್ಯಾಂಕ್‌ನಿಂದ ತನ್ನಿ. ಕಾಯಿಲೆ ಟ್ಯಾಂಕ್‌ನಿಂದ ಒಂದು ಕಲ್ಲೂ ತರಬೇಡಿ. ನೀರಿನ ಮೇಲೆ ನಾಲ್ಕು ಬೆರಳು ಜಾಗ ಬಿಡಿ, ಮಿಸ್ಟರಿ ಸ್ನೇಲ್ ಮೇಲೆ ಬಂದು ಕೊಳವೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ.

ಹುಬ್ಳಿ_ಗಪ್ಪಿ
ಅರಿಶಿನ ಯಾಕ್ ಬ್ಯಾಡ? ನಮ್ಮ ಮನ್ಯಾಗ ಮೀನಿನ ಗಾಯಕ್ಕ ಹಚ್ಚತಾರ.

ಸ್ಪಾಂಜ್_ಫಿಲ್ಟರ್
ಈ ಹುಳುವಿನ ಮೈಮೇಲೆ ಗಾಯ ಇಲ್ಲ ಅಣ್ಣ. ವಾಸಿ ಮಾಡಬೇಕಾದ್ದು ಏನೂ ಇಲ್ಲದಿರುವಾಗ ಏನನ್ನಾದರೂ ಯಾಕೆ ಹಚ್ಚಬೇಕು?

ಟೆಕ್ಸಾಸ್_ತೊಟ್ಟಿ
ನೀರನ್ನು ರಾತ್ರಿಯಿಡೀ ಬಕೆಟ್‌ನಲ್ಲಿಟ್ಟರೆ ಕ್ಲೋರಿನ್ ಹೋಗುತ್ತದೆ ಅಂತ ಊರಿನಲ್ಲಿ ಕಲಿತಿದ್ದೆ. ಇಲ್ಲಿ ಅಮೆರಿಕದ ಎಷ್ಟೋ ಊರುಗಳಲ್ಲಿ ಹಾಕುವುದು ಕ್ಲೋರಮಿನ್. ಅದು ಇಟ್ಟರೆ ಹೋಗುವುದಿಲ್ಲ. ಹೊರದೇಶದಲ್ಲಿರುವವರು ಕಂಡೀಷನರ್ ಹಾಕಲೇಬೇಕು. ಮೈಸೂರಿನವರಿಗೂ ಈಗ ರಾತ್ರಿ ಕಾಯುವಷ್ಟು ಹೊತ್ತಿಲ್ಲ, ಆಂಟಿ ಕ್ಲೋರಿನ್ ಹನಿ ಹಾಕಿ.

ಮೈಸೂರು_ಗಾಜು
ನೀವು ಹೇಳಿದ ಹಾಗೇ ತೆಗೆದು ತೊಳೆದು ಡಬ್ಬಿಗೆ ಬಿಟ್ಟೆ. ಈಗ ಚಿಪ್ಪಿನ ಮುಚ್ಚಳ ಮುಚ್ಚಿಕೊಂಡು ತಳದಲ್ಲಿ ಬಿದ್ದಿದೆ. ಎರಡು ಗಂಟೆಯಾಯಿತು. ಮಗಳು ಪಕ್ಕದಲ್ಲೇ ಕೂತಿದ್ದಾಳೆ. ಸತ್ತಿದೆಯಾ?

ಕಲ್ಲುನೀರು_ಕೋಲಾರ
ಎರಡು ಗಂಟೆಗೆ ಗಾಬರಿ ಬೇಡ. ಇಡೀ ದಿನ ಮುಚ್ಚಿಕೊಂಡಿದ್ದು ಎದ್ದು ಬಂದದ್ದನ್ನು ನೋಡಿದ್ದೇನೆ. ಅದಕ್ಕೆ ಕೆಟ್ಟ ನೀರು ಅನಿಸಿದರೆ ಬಾಗಿಲು ಹಾಕಿಕೊಂಡು ಕಾಯುತ್ತದೆ. ಬಾಯಿ ಕೆಳಗೆ ಬರುವಂತೆ ಮಲಗಿಸಿ, ಬೆಳಕು ಆರಿಸಿ.

ಸತ್ತಿದೆಯಾ ಅಂತ ತಿಳಿಯಲು ಹೊರಗೆ ತೆಗೆದು ಮೂಸಿ ನೋಡಿ. ಸತ್ತಿದ್ದರೆ ಕೇಳಬೇಕಾಗಿಯೇ ಇಲ್ಲ, ಆ ವಾಸನೆ ತಡೆಯಲು ಆಗುವುದಿಲ್ಲ. ಮುಚ್ಚಳ ಸಡಿಲವಾಗಿ ಮುಟ್ಟಿದರೂ ಎಳೆದುಕೊಳ್ಳದಿದ್ದರೆ ಅನುಮಾನ. ತೇಲುವುದು ಸಾವಿನ ಗುರುತಲ್ಲ, ಒಳಗೆ ಗಾಳಿ ಸೇರಿದ್ದರೂ ತೇಲುತ್ತದೆ.

ಕುಂದಾಪುರ_ಬಲೆ
ಸತ್ತಿದ್ದರೆ ತಕ್ಷಣ ತೆಗೆಯಬೇಕು. ಸಣ್ಣ ಡಬ್ಬಿಯಲ್ಲಿ ಒಂದು ಹುಳು ಕೊಳೆತರೂ ಅಮೋನಿಯಾ ಏರುತ್ತದೆ.

ಫೈಟರ್ ಟ್ಯಾಂಕ್‌ನಲ್ಲಿ ಬಾದಾಮಿ ಎಲೆ ಹಾಕಿದ್ದಿರಾ? ಬಹಳ ಜನ ಹಾಕುತ್ತಾರೆ. ಫೈಟರ್‌ಗೆ ಅದು ಹಿತ. ಆದರೆ ನೀರನ್ನು ಹುಳಿ ಮಾಡುತ್ತದೆ. ಹುಳಿ ನೀರಿನಲ್ಲಿ ಚಿಪ್ಪು ಕರಗುತ್ತದೆ. ಚಿಪ್ಪಿನ ತುದಿಯಲ್ಲಿ ಬಿಳಿ ಗುಳಿ ಕಂಡರೆ ಅದೇ.

ಮೈಸೂರು_ಗಾಜು
ಹೌದು, ಎಲೆ ಇತ್ತು. ತುದಿಯಲ್ಲಿ ಬಿಳಿ ಗುಳಿಗಳೂ ಇವೆ. ಅದು ಕಾಯಿಲೆ ಅಂತ ತಿಳಿದಿದ್ದೆವು. ಡಬ್ಬಿಗೆ ಕಾವೇರಿ ನೀರೇ ಹಾಕಿದ್ದು.

ಕುಂದಾಪುರ_ಬಲೆ
ಹೋದ ಚಿಪ್ಪು ವಾಪಸ್ ಬರುವುದಿಲ್ಲ. ಹೊಸದಾಗಿ ಬೆಳೆಯುವ ಅಂಚು ಗಟ್ಟಿಯಾಗಿ ಬಂದರೆ ಸಾಕು. ಪಿಎಚ್ 7ರ ಮೇಲೆ ಇರಲಿ. ತೊಳೆದು ಒಣಗಿಸಿದ ಮೊಟ್ಟೆ ಸಿಪ್ಪೆ ಅಥವಾ ಹಕ್ಕಿ ಅಂಗಡಿಯಲ್ಲಿ ಸಿಗುವ ಕಟಲ್‌ಬೋನ್ ಒಂದು ತುಂಡು ಹಾಕಿಡಿ. ಕುಡಿಯುವ ಆರ್‌ಓ ನೀರು ಮಾತ್ರ ಬೇಡ. ಅದರಲ್ಲಿ ಸುಣ್ಣದ ಅಂಶವೇ ಇರುವುದಿಲ್ಲ.

ಕಲ್ಲುನೀರು_ಕೋಲಾರ
ಬೋರ್ ನೀರಿಗೆ ಎಲ್ಲರೂ ಬೈಯುತ್ತಾರೆ. ನನ್ನ ಸ್ನೇಲ್‌ಗಳ ಚಿಪ್ಪು ಬಂದು ನೋಡಿ. ಗಡಸು ನೀರು ಅವಕ್ಕೆ ಹಬ್ಬ.

ಲ್ಯಾಬ್_ಕೋಟು
ಒಪ್ಪುತ್ತೇನೆ. ಆದರೆ ಮೆತ್ತನೆ ನೀರಿನಿಂದ ನಿಮ್ಮ ಬೋರ್ ನೀರಿಗೆ ಒಂದೇ ಸಲ ಹಾಕಬಾರದು. ಈಗ ಔಷಧಿಯಿಂದ ತಪ್ಪಿಸಲು ಅವಸರ ಇತ್ತು, ಅದು ಬೇರೆ. ಮುಂದೆ ಹಾಲ್‌ನ ಟ್ಯಾಂಕ್‌ಗೆ ಬಿಡುವಾಗ ಅವಸರ ಇರುವುದಿಲ್ಲ. ಏರ್ ಪೈಪ್‌ಗೆ ಗಂಟು ಹಾಕಿ ಹನಿ ಹನಿಯಾಗಿ ಹಾಲ್‌ನ ನೀರನ್ನು ಹುಳುವಿರುವ ಪಾತ್ರೆಗೆ ಇಳಿಸಿ, ಒಂದೆರಡು ಗಂಟೆ. ಆಮೇಲೆ ಹುಳುವನ್ನು ಮಾತ್ರ ಎತ್ತಿ ಬಿಡಿ. ಪಾತ್ರೆಯ ನೀರು ಟ್ಯಾಂಕ್‌ಗೆ ಒಂದು ಲೋಟವೂ ಹೋಗಬಾರದು. ಎರಡೂ ಕಡೆ ಒಂದೇ ಬಲೆ, ಒಂದೇ ಸಕ್ಷನ್ ಪೈಪ್ ಬಳಸಬೇಡಿ. ಎಷ್ಟೋ ಮನೆಗಳಲ್ಲಿ ಕಾಯಿಲೆ ಹೋಗುವುದು ಒದ್ದೆ ಬಲೆಯಲ್ಲಿ. ಬೈಸಿಕೊಳ್ಳುವುದು ಬಸವನಹುಳು.

ಮೈಸೂರು_ಗಾಜು
ಹೊರಗೆ ಬಂತು! ಸೌತೆಕಾಯಿ ಬಿಲ್ಲೆ ಹಾಕಿದ್ದೆ, ಅದರ ಮೇಲೆ ಹತ್ತಿ ಕೂತಿದೆ. ಮಗಳು ಕುಣಿಯುತ್ತಿದ್ದಾಳೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇನ್ನೆರಡು ಪ್ರಶ್ನೆ. ಹಳೆ ಟ್ಯಾಂಕ್ ಏನು ಮಾಡಲಿ? ಮತ್ತೆ ಅದರ ಮುಚ್ಚಳದ ಒಳಗಡೆ, ನೀರಿನ ಮೇಲೆ, ಗುಲಾಬಿ ಬಣ್ಣದ ಮೊಟ್ಟೆ ಗೊಂಚಲು ಇದೆ. ಒಂದೇ ಹುಳು ಇದ್ದದ್ದು, ಮೊಟ್ಟೆ ಹೇಗೆ ಬಂತು?

ಸ್ಪಾಂಜ್_ಫಿಲ್ಟರ್
ಖುಷಿಯಾಯಿತು! ಸೌತೆಕಾಯಿ ರಾತ್ರಿ ಕಳೆಯುವ ಮುಂಚೆ ತೆಗೆಯಿರಿ, ನೀರು ಕೆಡುತ್ತದೆ. ಪಾಲಕ್, ಬೀನ್ಸ್ ಬೇಯಿಸಿ ಕೊಡಬಹುದು, ಉಪ್ಪು ಹಾಕದೆ.

ಹಳೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಕಲ್ಲುಗಳನ್ನು ಬಿಸಾಡುವುದು ಒಳ್ಳೆಯದು, ತಾಮ್ರ ಇದ್ದಿದ್ದರೆ ಕಲ್ಲುಗಳಲ್ಲಿ ಉಳಿಯುತ್ತದೆ. ಗಾಜನ್ನು ಬ್ಲೀಚಿಂಗ್ ನೀರಿನಿಂದ ತೊಳೆದು, ಚೆನ್ನಾಗಿ ಜಾಲಾಡಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಒಣಗಿದರೆ ವೈಟ್ ಸ್ಪಾಟ್ ಉಳಿಯುವುದಿಲ್ಲ.

ಕುಂದಾಪುರ_ಬಲೆ
ಈ ಜಾತಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ. ನಿಮ್ಮದು ಹೆಣ್ಣು. ಅಂಗಡಿಯಲ್ಲಿ ಗಂಡಿನ ಜೊತೆ ಇದ್ದಿರಬೇಕು. ಹೆಣ್ಣು ತಿಂಗಳುಗಟ್ಟಲೆ ವೀರ್ಯ ಕೂಡಿಟ್ಟುಕೊಂಡು ಆಮೇಲೂ ಮೊಟ್ಟೆ ಇಡುತ್ತದೆ.

ಹುಬ್ಳಿ_ಗಪ್ಪಿ
ಮರಿ ಮಾಡಿಸ್ರಿ! ಮರಿ ಬ್ಯಾಡಾದ್ರ ಹತ್ತಿರದ ಕೆರಿಗೆ ಬಿಟ್ಟರ ಆತು. ಬದುಕಿಕೊಳ್ತಾವ.

ಮದ್ದೂರು_ಭತ್ತ
ದಯವಿಟ್ಟು ಕೆರೆಗೆ ಬಿಡಬೇಡಿ. ಇದನ್ನು ತಮಾಷೆಯಾಗಿ ತಗೊಳ್ಳಬೇಡಿ ಅಣ್ಣ. ಇದೇ ಕುಲದ ಗೋಲ್ಡನ್ ಆಪಲ್ ಸ್ನೇಲ್ ಅನ್ನು ದಕ್ಷಿಣ ಅಮೆರಿಕದಿಂದ 1980ರ ಆಸುಪಾಸಿನಲ್ಲಿ ತಿನ್ನಲು ಅಂತ ತೈವಾನ್‌ಗೆ ತಂದರು. ಅಲ್ಲಿಂದ ಫಿಲಿಪ್ಪೀನ್ಸ್, ವಿಯೆಟ್ನಾಂ ಎಲ್ಲಾ ಕಡೆ ಹೋಯಿತು. ಎಳೆ ಭತ್ತದ ಪೈರನ್ನು ನೀರಿನ ಮಟ್ಟದಲ್ಲೇ ಕತ್ತರಿಸಿ ತಿನ್ನುತ್ತದೆ. ನಮ್ಮದು ವಿಶ್ವೇಶ್ವರಯ್ಯ ನಾಲೆ ನೀರು ನಂಬಿದ ಗದ್ದೆ. ಮೈಸೂರಿನವರ ಪಕ್ಕದಲ್ಲೇ ವರುಣಾ ನಾಲೆ ಇದೆ.

ಹುಬ್ಳಿ_ಗಪ್ಪಿ
ಮಿಸ್ಟರಿ ಸ್ನೇಲ್ ಪೈರು ತಿನ್ನಂಗಿಲ್ಲ, ಅದು ಬೇರೆ ಜಾತಿ.

ದೂರದ_ಕೆರೆ
ಜಾತಿ ಬೇರೆ, ನಿಜ. ಮಿಸ್ಟರಿ ಸ್ನೇಲ್ ಗಿಡಗಳನ್ನು ಅಷ್ಟು ತಿನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ಎರಡನ್ನೂ ಆಪಲ್ ಸ್ನೇಲ್ ಅಂತಲೇ ಮಾರುತ್ತಾರೆ, ಮರಿಗಳಲ್ಲಿ ಗುರುತು ಹಿಡಿಯುವುದು ಕಷ್ಟ. ನಾನಿರುವುದು ಜರ್ಮನಿಯಲ್ಲಿ. ಸ್ಪೇನ್‌ನ ಎಬ್ರೋ ನದಿ ಮುಖಜದ ಭತ್ತದ ಗದ್ದೆಗಳಿಗೆ ಆಪಲ್ ಸ್ನೇಲ್ ನುಗ್ಗಿದ ಮೇಲೆ 2012ರಲ್ಲಿ ಯುರೋಪಿಯನ್ ಒಕ್ಕೂಟ ಅವುಗಳ ಇಡೀ ಪೊಮಾಸಿಯಾ ಕುಲವನ್ನೇ ತರಬಾರದು, ಹರಡಬಾರದು ಅಂತ ನಿಷೇಧಿಸಿತು. ಯಾವ ಜಾತಿ ಅಂತ ಬೇರೆ ಮಾಡುತ್ತಾ ಕೂರಲಿಲ್ಲ.

ಹುಬ್ಳಿ_ಗಪ್ಪಿ
ಇದು ಗೊತ್ತಿರಲಿಲ್ಲ. ಕೆರಿ ಮಾತು ವಾಪಸ್ ತಗೊಂಡೆ.

ಮೈಸೂರು_ಗಾಜು
ಮರಿ ಮಾಡಿಸಲು ನಮ್ಮಲ್ಲಿ ಜಾಗ ಇಲ್ಲ. ಮೊಟ್ಟೆ ಹೇಗೆ ವಿಲೇವಾರಿ ಮಾಡಲಿ? ಮುಚ್ಚಳ ತೊಳೆದು ಸಿಂಕ್‌ಗೆ ಬಿಟ್ಟರೆ?

ಕುಂದಾಪುರ_ಬಲೆ
ಸಿಂಕ್ ಬೇಡ, ಚರಂಡಿಯೂ ಬೇಡ. ಗೊಂಚಲನ್ನು ಹಳೆ ಕಾರ್ಡ್‌ನಿಂದ ಕೆರೆದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಗಂಟು ಕಟ್ಟಿ. ಎರಡು ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ. ಹುಳು ಈಗಿರುವ ಡಬ್ಬಿಯ ಮುಚ್ಚಳವನ್ನೂ ವಾರಕ್ಕೊಮ್ಮೆ ನೋಡಿ, ಇನ್ನೂ ಇಡುತ್ತದೆ. ಮೊಟ್ಟೆ ಮುಟ್ಟಿದ ಮೇಲೆ, ಹುಳು ಮುಟ್ಟಿದ ಮೇಲೆ, ಮಗಳ ಕೈ ಸೋಪು ಹಾಕಿ ತೊಳೆಸಿ.